ಲಗಾಮು ಸಡಿಲವಾಗುವ ಆ ಕ್ಷಣ: ಕುದುರೆ ಹೇಗೆ ಕಲಿಯುತ್ತದೆ, ಸವಾರಿಗೆ ಸೇರಿಸುವ ಮುನ್ನ ನಾವು ಏನು ನೋಡಬೇಕು

ಮಾರ್ಚ್ ಮುಗಿಯುತ್ತಿದ್ದಂತೆ ನನಗೆ ಒಂದೇ ಥರದ ಫೋನ್‌ಗಳು ಬರುತ್ತವೆ. "ಮಗಳಿಗೆ ರಜೆ ಶುರು. ಕುದುರೆ ಸವಾರಿಗೆ ಸೇರಿಸೋಣ ಅಂತಿದ್ದೀವಿ. ಎಲ್ಲಿ ಚೆನ್ನಾಗಿ ಹೇಳಿಕೊಡ್ತಾರೆ?" ಅಕ್ಕನ ಮಗಳ ಜೊತೆ ಕೆಲವು ವರ್ಷ ಲಾಯಗಳನ್ನು ಸುತ್ತಿದ್ದೇನೆ ಅನ್ನುವುದು ಸ್ನೇಹಿತರಿಗೆ ಗೊತ್ತು. ಅದಕ್ಕೇ ಕೇಳುತ್ತಾರೆ. ಬೆಂಗಳೂರಿನ ಫವಾದ್ ಮಿರ್ಜಾ 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಎರಡು ಬೆಳ್ಳಿ ಗೆದ್ದರು. ಆಮೇಲೆ ಟೋಕಿಯೊ ಒಲಿಂಪಿಕ್ಸ್‌ನಲ್ಲೂ ಸವಾರಿ ಮಾಡಿದರು. ನಮ್ಮೂರ ಮಕ್ಕಳಿಗೂ ಇದು ಸಾಧ್ಯ ಅನ್ನುವ ಆಸೆ ಅಲ್ಲಿಂದ ಇನ್ನಷ್ಟು ಬೆಳೆಯಿತು.

ಈಗ ಅದೇ ಫೋನಿನಲ್ಲಿ ಇನ್ನೊಂದು ಪ್ರಶ್ನೆಯೂ ಬರುತ್ತದೆ. "ಇದು ಕುದುರೆಗೆ ಹಿಂಸೆ ಅಲ್ವಾ?" ಕೇಳುವುದಕ್ಕೆ ಕಾರಣ ಇದೆ. ಟೋಕಿಯೊದಲ್ಲೇ, ಕುದುರೆ ಸವಾರಿಯೂ ಸೇರಿ ಐದು ಆಟಗಳಿದ್ದ ಮಾಡರ್ನ್ ಪೆಂಟಾಥ್ಲಾನ್ ಸ್ಪರ್ಧೆಯಲ್ಲಿ, ಹೆದರಿ ನಿಂತ ಕುದುರೆಗೆ ಜರ್ಮನಿಯ ಕೋಚ್ ಗುದ್ದಿದ್ದನ್ನು ಜಗತ್ತೇ ಟಿವಿಯಲ್ಲಿ ನೋಡಿತು. ಪ್ಯಾರಿಸ್ ಒಲಿಂಪಿಕ್ಸ್ ಆದ ಮೇಲೆ ಆ ಆಟದಿಂದ ಕುದುರೆ ಸವಾರಿಯನ್ನೇ ತೆಗೆದುಹಾಕಿದರು. 2024ರ ಜುಲೈನಲ್ಲಿ ಬ್ರಿಟನ್ನಿನ ಒಲಿಂಪಿಕ್ ಚಾಂಪಿಯನ್ ಷಾರ್ಲಟ್ ಡುಜಾರ್ಡಿನ್ ಅವರು ಪಾಠದ ವೇಳೆ ಕುದುರೆಯ ಕಾಲಿಗೆ ಚಾವಟಿಯಿಂದ ಮತ್ತೆ ಮತ್ತೆ ಹೊಡೆಯುವ ವಿಡಿಯೊ ಹೊರಬಂತು. ಅವರು ಪ್ಯಾರಿಸ್‌ನಿಂದ ಹಿಂದೆ ಸರಿದರು. ಒಂದು ವರ್ಷದ ನಿಷೇಧವೂ ಬಿತ್ತು.

ಹಿಂಸೆಯೋ ಅಲ್ಲವೋ ಅನ್ನುವುದು ಹೇಗೆ ಕಲಿಸುತ್ತಾರೆ ಅನ್ನುವುದನ್ನು ಅವಲಂಬಿಸಿದೆ. ಅದನ್ನು ಗುರುತಿಸಲು ನಿಮಗೆ ಸವಾರಿ ಬರಬೇಕಿಲ್ಲ. ಕುದುರೆ ಹೇಗೆ ನೋಡುತ್ತದೆ, ಹೇಗೆ ಕಲಿಯುತ್ತದೆ, ನೋವಾದರೆ ಹೇಗೆ ಹೇಳುತ್ತದೆ, ಇಷ್ಟು ತಿಳಿದರೆ ಸಾಕು.

ಓಡಿ ಬದುಕಿದ ಪ್ರಾಣಿ

ಕುದುರೆಗೆ ಕೊಂಬಿಲ್ಲ, ಕೋರೆಯಿಲ್ಲ. ಬಯಲಿನಲ್ಲಿ ಹುಲ್ಲು ಮೇಯುತ್ತಾ, ಬೇಟೆ ಪ್ರಾಣಿಗಳಿಂದ ತಪ್ಪಿಸಿಕೊಳ್ಳುತ್ತಾ ಬದುಕಿದ ಜೀವ ಅದು. ಮೊದಲು ಓಡು, ಆಮೇಲೆ ಯೋಚಿಸು ಅನ್ನುವುದು ಅದರ ರಕ್ತದಲ್ಲಿದೆ. ಹಾರಿ ಬಂದ ಒಂದು ಪ್ಲಾಸ್ಟಿಕ್ ಕವರ್‌ಗೆ ನಾನೂರು ಕೆಜಿಯ ಪ್ರಾಣಿ ಬೆಚ್ಚಿ ಪಕ್ಕಕ್ಕೆ ಜಿಗಿದರೆ ಅದು ಪುಕ್ಕಲು ಅಂತಲ್ಲ. ಹಾಗೆ ಜಿಗಿದವುಗಳ ಸಂತತಿಯೇ ಇವತ್ತಿಗೂ ಉಳಿದಿರುವುದು.

ಕಣ್ಣುಗಳು ತಲೆಯ ಎರಡು ಪಕ್ಕಕ್ಕಿವೆ. ಹಾಗಾಗಿ ತಲೆ ಅಲ್ಲಾಡಿಸದೆಯೇ ಸುತ್ತಲಿನ 360 ಡಿಗ್ರಿಯಲ್ಲಿ ಸುಮಾರು 350 ಡಿಗ್ರಿ ಕಾಣುತ್ತದೆ. ಕಾಣದೇ ಇರುವುದು ಎರಡು ಜಾಗ: ಹಣೆಯ ಮುಂದೆ ಸ್ವಲ್ಪ, ಬಾಲದ ಹಿಂದೆ ಸ್ವಲ್ಪ. ಬಿಎಂಟಿಸಿ ಬಸ್ಸಿನ ಮೂಲೆಗೆ ಅಂಟಿಕೊಂಡು ಹೋಗುವ ಸ್ಕೂಟರ್ ಡ್ರೈವರ್ ಕಣ್ಣಿಗೆ ಬೀಳುವುದಿಲ್ಲವಲ್ಲ, ಹಾಗೆ. ಹಿಂದಿನಿಂದ ಸದ್ದಿಲ್ಲದೆ ಹೋಗಿ ಮುಟ್ಟಿದರೆ ಕುದುರೆ ಒದೆಯುವುದು ಇದಕ್ಕೇ. ಬಣ್ಣಗಳಲ್ಲಿ ನೀಲಿ, ಹಳದಿ ಚೆನ್ನಾಗಿ ಕಾಣುತ್ತವೆ. ಕೆಂಪು ಮತ್ತು ಹಸಿರಿನ ವ್ಯತ್ಯಾಸ ಅಷ್ಟಾಗಿ ತಿಳಿಯುವುದಿಲ್ಲ.

ಚರ್ಮದ ವಿಷಯ ಇನ್ನೂ ಮುಖ್ಯ. ಪಕ್ಕೆಯ ಮೇಲೆ ನೊಣ ಕೂತರೆ ಕುದುರೆ ಆ ಜಾಗದ ಚರ್ಮವನ್ನಷ್ಟೇ ನಡುಗಿಸಿ ಓಡಿಸುತ್ತದೆ. ನೊಣದ ಭಾರ ತಿಳಿಯುವ ಮೈಗೆ ಹಿಮ್ಮಡಿಯಿಂದ ಒದೆಯುವ ಅಗತ್ಯ ಏನಿದೆ? ಕಾಲನ್ನು ಮೆಲ್ಲಗೆ ಒತ್ತಿದರೂ ಗೊತ್ತಾಗುತ್ತದೆ. ಒತ್ತಿದ್ದಕ್ಕೆ ಅದು ಸ್ಪಂದಿಸುತ್ತಿಲ್ಲ ಅಂದರೆ, ಒಂದೋ ಯಾರೂ ಅರ್ಥವಾಗುವಂತೆ ಹೇಳಿಕೊಟ್ಟಿಲ್ಲ, ಇಲ್ಲವೇ ಎಲ್ಲೋ ನೋಯುತ್ತಿದೆ.

ಸೀಟ್ ಬೆಲ್ಟ್ ಬೀಪ್ ಮತ್ತು ಕುದುರೆ

ಕಾರಿನಲ್ಲಿ ಕೂತು ಬೆಲ್ಟ್ ಹಾಕದೆ ಹೊರಟರೆ ಬೀಪ್ ಬೀಪ್ ಅಂತ ಶುರುವಾಗುತ್ತದೆ. ಬೆಲ್ಟ್ ಹಾಕಿದ ತಕ್ಷಣ ನಿಲ್ಲುತ್ತದೆ. ನಾಲ್ಕು ದಿನದಲ್ಲಿ ನಮ್ಮ ಕೈ ತಾನಾಗಿಯೇ ಬೆಲ್ಟಿಗೆ ಹೋಗುತ್ತದೆ. ನಮಗೆ ಕಲಿಸಿದ್ದು ಯಾವುದು? ಬೀಪ್ ಅನ್ನುತ್ತೇವೆ. ನಿಜವಾಗಿ ಕಲಿಸಿದ್ದು ಬೀಪ್ ನಿಂತ ಕ್ಷಣ. ಬೆಲ್ಟ್ ಹಾಕಿದ ಮೇಲೂ ಬೀಪ್ ನಿಲ್ಲದೇ ಇದ್ದಿದ್ದರೆ ನಾವು ಬೆಲ್ಟನ್ನೂ ಬಿಡುತ್ತಿದ್ದೆವು, ಸದ್ದಿಗೂ ಕಿವುಡಾಗುತ್ತಿದ್ದೆವು.

ಕುದುರೆ ಸವಾರಿಯ ಬಹುಪಾಲು ಪಾಠ ಹೀಗೇ ನಡೆಯುತ್ತದೆ. ಸವಾರ ಎರಡೂ ಕಾಲುಗಳನ್ನು ಮೆಲ್ಲಗೆ ಒತ್ತುತ್ತಾನೆ. ಕುದುರೆಗೆ ಅದು ಸ್ವಲ್ಪ ಕಿರಿಕಿರಿ. ಏನೇನೋ ಮಾಡಿ ನೋಡುತ್ತದೆ, ಕೊನೆಗೆ ಒಂದು ಹೆಜ್ಜೆ ಮುಂದಿಡುತ್ತದೆ. ಆ ಹೆಜ್ಜೆ ಇಟ್ಟ ಕ್ಷಣದಲ್ಲೇ ಸವಾರ ಕಾಲು ಸಡಿಲಿಸಬೇಕು. "ಓ, ಮುಂದೆ ನಡೆದರೆ ಇದು ನಿಲ್ಲುತ್ತದೆ" ಅಂತ ಕುದುರೆಗೆ ತಿಳಿಯುವುದು ಆಗ. ಲಗಾಮಿಗೂ ಇದೇ ಮಾತು. ಹಿಡಿದಾಗ ಕುದುರೆ ನಿಧಾನವಾಯಿತೇ? ಕೈ ತಕ್ಷಣ ಸಡಿಲವಾಗಬೇಕು.

ಈ ಸಮಯಪಾಲನೆಯೇ ಇಡೀ ವಿದ್ಯೆ. ಎರಡು ಮೂರು ಸೆಕೆಂಡ್ ತಡವಾದರೂ ಕುದುರೆ ಬೇರೆ ಏನನ್ನೋ ಕಲಿತಿರುತ್ತದೆ. ತಲೆ ಎತ್ತಿ ಕೊಡವಿದಾಗ ನೀವು ಲಗಾಮು ಬಿಟ್ಟರೆ ತಲೆ ಕೊಡವುವುದನ್ನೇ ಕಲಿಯುತ್ತದೆ. ಒತ್ತುತ್ತಲೇ ಇದ್ದರೆ, ಎಳೆಯುತ್ತಲೇ ಇದ್ದರೆ ಏನೂ ಕಲಿಯುವುದಿಲ್ಲ. ಮರಗಟ್ಟಿ ಹೋಗುತ್ತದೆ. ಆಗ ಜನ ಅದಕ್ಕೆ 'ಬಾಯಿ ಗಟ್ಟಿ', 'ಪಕ್ಕೆ ಸತ್ತಿದೆ' ಅನ್ನುತ್ತಾರೆ. ಬಾಯೂ ಪಕ್ಕೆಯೂ ಸರಿಯಾಗಿಯೇ ಇರುತ್ತವೆ. ಬೀಪ್ ನಿಲ್ಲಲೇ ಇಲ್ಲ, ಅಷ್ಟೇ.

ಈಗ ಶಾಲೆಯ ಕುದುರೆಯ ಪಾಡು ಯೋಚಿಸಿ. ಒಂದು ದಿನದಲ್ಲಿ ನಾಲ್ಕು ಮಕ್ಕಳು ಹತ್ತುತ್ತಾರೆ. ಒಬ್ಬ ಒತ್ತುತ್ತಾನೆ, ಒಬ್ಬಳು ಒದೆಯುತ್ತಾಳೆ, ಇನ್ನೊಬ್ಬ ಬೀಳುವ ಭಯಕ್ಕೆ ಲಗಾಮಿಗೇ ಜೋತುಬೀಳುತ್ತಾನೆ. ನಾಲ್ಕು ಜನ ನಾಲ್ಕು ಭಾಷೆ ಮಾತಾಡಿದ ಹಾಗೆ. ಅದಕ್ಕೇ ಒಳ್ಳೆಯ ಗುರುಗಳು ಹೊಸಬರ ಕೈಗೆ ಮೊದಲು ಲಗಾಮನ್ನೇ ಕೊಡುವುದಿಲ್ಲ. ಉದ್ದ ಹಗ್ಗದಲ್ಲಿ ಕುದುರೆಯನ್ನು ತಾವು ಹಿಡಿದು ವೃತ್ತದಲ್ಲಿ ನಡೆಸುತ್ತಾರೆ. ಮಗು ಕೈ ಚಾಚಿ, ಸೊಂಟದ ಮೇಲೆ ಇಟ್ಟು, ಬರೀ ತೂಕ ಸಮ ಮಾಡಿಕೊಳ್ಳುವುದನ್ನು ಕಲಿಯುತ್ತದೆ. "ದುಡ್ಡು ಕೊಟ್ಟು ಒಂದು ತಿಂಗಳಾಯಿತು, ಇನ್ನೂ ಲಗಾಮು ಕೊಟ್ಟಿಲ್ಲ" ಅಂತ ಬೇಸರ ಮಾಡಿಕೊಳ್ಳುವ ಪೋಷಕರನ್ನು ನೋಡಿದ್ದೇನೆ. ದಯವಿಟ್ಟು ಬೇಸರ ಬೇಡ. ನಿಮ್ಮ ಮಗುವಿನ ಮೂಳೆ ಮತ್ತು ಕುದುರೆಯ ಬಾಯಿ, ಎರಡೂ ಉಳಿಯುವುದು ಆ ಒಂದು ತಿಂಗಳಿನಿಂದ.

ಕ್ಯಾರೆಟ್ ಕೊಟ್ಟು ಕಲಿಸುವ ದಾರಿಯೂ ಇದೆ. ಸರಿ ಮಾಡಿದ ಕ್ಷಣ ಒಂದು ಸಣ್ಣ 'ಟಿಕ್' ಸದ್ದು, ಹಿಂದೆಯೇ ತಿಂಡಿ. ಸವಾರಿಗಿಂತ ನೆಲದ ಮೇಲಿನ ಪಾಠಗಳಿಗೆ ಇದು ಚೆನ್ನಾಗಿ ಒಗ್ಗುತ್ತದೆ: ಕಾಲು ಎತ್ತಿ ಕೊಡುವುದು, ಚುಚ್ಚುಮದ್ದಿಗೆ ಸುಮ್ಮನೆ ನಿಲ್ಲುವುದು, ಟ್ರಕ್ ಹತ್ತುವುದು. ತಿಂಡಿ ಇಲ್ಲದಿದ್ದರೆ ಹೆಗಲ ದಿಬ್ಬದ ಹತ್ತಿರ, ಜೂಲಿನ ಬುಡದಲ್ಲಿ ಕೆರೆದರೂ ಸಾಕು. ಕುದುರೆಗಳು ಒಂದನ್ನೊಂದು ಮುದ್ದು ಮಾಡುವುದು ಅಲ್ಲೇ. ಕತ್ತನ್ನು ಪಟಪಟ ತಟ್ಟುವುದು ನಮಗೆ ಶಹಭಾಸ್. ಕುದುರೆಯ ಲೋಕದಲ್ಲಿ ಅದಕ್ಕೆ ಅಂಥ ಅರ್ಥ ಇಲ್ಲ.

ಕುದುರೆ ಎಷ್ಟು ಸೂಕ್ಷ್ಮ ಅನ್ನುವುದಕ್ಕೆ ಬರ್ಲಿನ್‌ನ ಹಾನ್ಸ್ ಕಥೆ ಹೇಳಲೇಬೇಕು. ಕಳೆದ ಶತಮಾನದ ಆರಂಭದಲ್ಲಿ ಈ ಕುದುರೆ ಲೆಕ್ಕ ಮಾಡುತ್ತದೆ ಅಂತ ಊರಿಗೆ ಊರೇ ನಂಬಿತ್ತು. ಮೂರಕ್ಕೆ ನಾಲ್ಕು ಕೂಡಿಸು ಅಂದರೆ ಗೊರಸಿನಿಂದ ಏಳು ಸಲ ತಟ್ಟುತ್ತಿತ್ತು. ಆಸ್ಕರ್ ಫುಂಗ್ಸ್ಟ್ ಎಂಬ ಮನೋವಿಜ್ಞಾನಿ 1907ರಲ್ಲಿ ಪರೀಕ್ಷೆ ಮಾಡಿ ನೋಡಿದರು. ಕೇಳುವವರಿಗೇ ಉತ್ತರ ಗೊತ್ತಿಲ್ಲದಿದ್ದರೆ ಹಾನ್ಸ್‌ಗೂ ಗೊತ್ತಾಗುತ್ತಿರಲಿಲ್ಲ! ಸರಿಯಾದ ಸಂಖ್ಯೆ ಬಂದಾಗ ಕೇಳುವವರ ತಲೆ ಅವರಿಗೇ ತಿಳಿಯದಷ್ಟು ಸ್ವಲ್ಪ ಅಲುಗುತ್ತಿತ್ತು. ಹಾನ್ಸ್ ಅದನ್ನು ನೋಡಿ ನಿಲ್ಲಿಸುತ್ತಿತ್ತು. ಕೂದಲೆಳೆಯಷ್ಟು ತಲೆ ಅಲುಗಿದ್ದನ್ನು ಓದುವ ಪ್ರಾಣಿಗೆ, ಬೆನ್ನ ಮೇಲೆ ಬಿಗಿದುಕೊಂಡು ಕೂತ ನಿಮ್ಮ ಭಯ ತಿಳಿಯದೇ ಇರುತ್ತದೆಯೇ?

ಶಾಂತವಾಗಿದೆಯೋ, ಸೋತಿದೆಯೋ

"ನಮ್ಮ ಕುದುರೆ ತುಂಬಾ ಪಾಪದ್ದು, ಏನು ಮಾಡಿದರೂ ಸುಮ್ನೆ ಇರುತ್ತೆ" ಅನ್ನುವ ಮಾತನ್ನು ಎಚ್ಚರದಿಂದ ಕೇಳಬೇಕು. ಸುಮ್ಮನಿರುವುದಕ್ಕೆ ಎರಡು ದಾರಿಗಳಿವೆ.

ಒಂದು, ಅಭ್ಯಾಸ. ಛತ್ರಿಗೆ ಹೆದರುವ ಕುದುರೆಗೆ ಮೊದಲು ಮುಚ್ಚಿದ ಛತ್ರಿಯನ್ನು ದೂರದಿಂದ ತೋರಿಸುತ್ತಾರೆ. ಕುದುರೆ ನಿಂತು ಉಸಿರು ಬಿಟ್ಟ ತಕ್ಷಣ ಛತ್ರಿ ಹಿಂದೆ ಹೋಗುತ್ತದೆ. ಮತ್ತೆ ಸ್ವಲ್ಪ ಹತ್ತಿರ. ಮರುದಿನ ಅರ್ಧ ಬಿಚ್ಚಿದ್ದು. ವಾರದ ಕೊನೆಗೆ ಬಿಚ್ಚಿದ ಛತ್ರಿಯ ಪಕ್ಕದಲ್ಲೇ ಮೇಯುತ್ತಿರುತ್ತದೆ. ಇನ್ನೊಂದು ದಾರಿಯಲ್ಲಿ ಕುದುರೆಯನ್ನು ಕಂಬಕ್ಕೆ ಕಟ್ಟಿ, ಅದು ಒದ್ದಾಡಿ ಸುಸ್ತಾಗುವವರೆಗೂ ಛತ್ರಿ ಬಿಚ್ಚಿ ಮುಚ್ಚಿ ಮಾಡುತ್ತಾರೆ. ಕೊನೆಗೆ ಅದೂ ಸುಮ್ಮನಾಗುತ್ತದೆ. ಭಯ ಹೋಗಿ ಅಲ್ಲ, ಏನು ಮಾಡಿದರೂ ತಪ್ಪಿಸಿಕೊಳ್ಳಲು ಆಗುವುದಿಲ್ಲ ಅಂತ ಕೈಬಿಟ್ಟು. ಕಲಿತ ಅಸಹಾಯಕತೆ ಅಂತ ಇದನ್ನು ಕರೆಯುತ್ತಾರೆ.

ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ವ್ಯತ್ಯಾಸ ಕಿವಿಯಲ್ಲಿ, ಕಣ್ಣಿನಲ್ಲಿ ಇರುತ್ತದೆ. ಶಾಂತವಾಗಿರುವ ಕುದುರೆಯ ಕಿವಿಗಳು ಸದ್ದು ಬಂದ ಕಡೆ ಒಂದೊಂದಾಗಿ ತಿರುಗುತ್ತವೆ. ನೀವು ಹತ್ತಿರ ಹೋದರೆ ಮೂತಿ ಚಾಚಿ ಮೂಸುತ್ತದೆ. ಸೋತ ಕುದುರೆ ಗೋಡೆ ನೋಡುತ್ತಾ ನಿಂತಿರುತ್ತದೆ. ಕರೆದರೂ ಕಿವಿ ಅಲುಗುವುದಿಲ್ಲ. ಜನ ಓಡಾಡಿದರೂ ತಿರುಗಿ ನೋಡುವುದಿಲ್ಲ. ಅಂಥ ಕುದುರೆ ಮಕ್ಕಳಿಗೆ ಸುರಕ್ಷಿತ ಅಂತ ಅನಿಸಬಹುದು. ಆದರೆ ಒಳಗೆ ಭಯ ಹಾಗೇ ಇದೆ. ಯಾವತ್ತೋ ಒಂದು ದಿನ, ಯಾವ ಸೂಚನೆಯೂ ಇಲ್ಲದೆ ಅದು ಸಿಡಿಯಬಹುದು.

ಕಡಿವಾಣ, ಲಗಾಮು, ಜೀನು

ಕಡಿವಾಣ ಮತ್ತು ಲಗಾಮನ್ನು ನಾವು ಒಂದೇ ಅನ್ನುವಂತೆ ಬಳಸುತ್ತೇವೆ. ಬಾಯೊಳಗೆ ಇರುವ ಲೋಹದ ತುಂಡು ಕಡಿವಾಣ. ಅದರಿಂದ ಸವಾರನ ಕೈಗೆ ಬರುವ ಪಟ್ಟಿ ಲಗಾಮು. ಕುದುರೆಯ ಮುಂದಿನ ಹಲ್ಲು ಮತ್ತು ದವಡೆ ಹಲ್ಲುಗಳ ನಡುವೆ ಹಲ್ಲಿಲ್ಲದ ಜಾಗ ಇದೆ. ಕಡಿವಾಣ ಕೂರುವುದು ಅಲ್ಲಿ, ನಾಲಿಗೆಯ ಮೇಲೆ ಮತ್ತು ಬರಿಯ ವಸಡಿನ ಮೇಲೆ. ವಸಡಿನ ಕೆಳಗೇ ಮೂಳೆ. ಅಲ್ಲಿ ಜೋರಾಗಿ ಜಗ್ಗಿದರೆ ಏನಾಗುತ್ತದೆ ಅಂತ ತಿಳಿಯಬೇಕಾದರೆ ಒಂದು ಸ್ಟೀಲ್ ಚಮಚದ ಹಿಡಿಯನ್ನು ನಿಮ್ಮ ವಸಡಿಗೆ ಒತ್ತಿ ನೋಡಿ. ಇನ್ನು ಮುಳ್ಳಿನ ಕಡಿವಾಣ. ಎಳೆಯುವ ಮತ್ತು ಹೊರೆ ಹೊರುವ ಪ್ರಾಣಿಗಳಿಗಾಗಿ 1965ರಲ್ಲಿ ಬಂದ ಕೇಂದ್ರದ ನಿಯಮಗಳು ಅಂಥ ಮೊನೆಯುಳ್ಳ ಸಾಧನಗಳನ್ನು ಆಗಲೇ ನಿಷೇಧಿಸಿವೆ.

ಮೂಗಿನ ಸುತ್ತ ಒಂದು ಪಟ್ಟಿ ಇರುತ್ತದೆ. ಮೂಗಿನ ಮೂಳೆಗೂ ಪಟ್ಟಿಗೂ ನಡುವೆ ಎರಡು ಬೆರಳು ಸಲೀಸಾಗಿ ಹೋಗಬೇಕು. ಬಾಯಿ ತೆರೆಯದಂತೆ ಬಿಗಿದರೆ ಕುದುರೆಗೆ ನೋವನ್ನು ತೋರಿಸುವ ದಾರಿಯೂ ಮುಚ್ಚಿಹೋಗುತ್ತದೆ. ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ 2025ರಿಂದ ಇದನ್ನು ಅಳತೆಪಟ್ಟಿ ಇಟ್ಟೇ ಪರೀಕ್ಷಿಸುತ್ತಿದ್ದಾರೆ.

ಜೀನಿನ ಕೆಲಸ ಸವಾರನ ತೂಕವನ್ನು ಬೆನ್ನುಮೂಳೆಯ ಎರಡೂ ಪಕ್ಕದ ಮಾಂಸಖಂಡಕ್ಕೆ ಹಂಚುವುದು. ಮೂಳೆಯ ಮೇಲೆ ಅದು ತಾಗಲೇಬಾರದು. ಒಂದು ಕುದುರೆಯ ಜೀನು ಇನ್ನೊಂದಕ್ಕೆ ಸರಿಹೋಗುತ್ತದೆ ಅನ್ನುವಂತಿಲ್ಲ. ಅಣ್ಣನ ಶೂ ತಮ್ಮ ಹಾಕಿಕೊಂಡು ಓಡಿದ ಹಾಗಾಗುತ್ತದೆ. ತೂಕಕ್ಕೂ ಒಂದು ಲೆಕ್ಕ ಇದೆ. ಸವಾರ ಮತ್ತು ಜೀನು ಸೇರಿ ಕುದುರೆಯ ತೂಕದ ಶೇ 20 ಮೀರಬಾರದು ಅನ್ನುವುದು ಸಾಮಾನ್ಯವಾಗಿ ಪಾಲಿಸುವ ಮಿತಿ. ಕುದುರೆ 400 ಕೆಜಿ ಇದ್ದರೆ 80 ಕೆಜಿ. ಜೀನಿಗೆ ಎಂಟು ಹತ್ತು ಕೆಜಿ ಕಳೆದರೆ ಸವಾರನಿಗೆ ಉಳಿಯುವುದು 70. ಕುದುರೆ ಮುದಿಯಾಗಿದ್ದರೆ, ಸಣಕಲಾಗಿದ್ದರೆ ಇನ್ನೂ ಕಡಿಮೆ. ದೊಡ್ಡವರು ಸೇರುವಾಗ ನಿಮ್ಮ ತೂಕ ಕೇಳುವ ಶಾಲೆಯ ಮೇಲೆ ಸಿಟ್ಟಾಗಬೇಡಿ. ಕೇಳದೇ ಇರುವ ಶಾಲೆಯ ಬಗ್ಗೆಯೇ ನನಗೆ ಚಿಂತೆ.

'ಮೊಂಡು ಕುದುರೆ' ಅಂದಾಗ

ಅಕ್ಕನ ಮಗಳನ್ನು ಮೊದಲು ಸೇರಿಸಿದ್ದು ನಗರದ ಹೊರಗಿನ ಒಂದು ಕ್ಲಾಸಿಗೆ. ಅವಳಿಗೆ ಕೊಟ್ಟಿದ್ದು ಕಂದು ಬಣ್ಣದ ಹೆಣ್ಣು ಕುದುರೆ. ಜೀನಿನ ಹೊಟ್ಟೆಪಟ್ಟಿ ಬಿಗಿಯುವಾಗಲೆಲ್ಲ ಅದು ಕಿವಿಗಳನ್ನು ಹಿಂದಕ್ಕೆ ಒತ್ತಿ, ತಿರುಗಿ ಕಚ್ಚಲು ಬರುತ್ತಿತ್ತು. ನಡೆಯುವಾಗ ನೊಣ ಇಲ್ಲದಿದ್ದರೂ ಬಾಲ ಬೀಸುತ್ತಲೇ ಇರುತ್ತಿತ್ತು. "ಅದು ಸೋಮಾರಿ, ಆಟ ಆಡ್ತಿದೆ, ಜೋರಾಗಿ ಒದಿ" ಅಂದರು ಕಲಿಸುವವರು. ಮೂರನೇ ವಾರ ಕುದುರೆ ಹಿಂಗಾಲು ಝಾಡಿಸಿತು. ಮಗು ಬಿದ್ದು ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿತು. ಗಲಾಟೆಯಲ್ಲಿ ಯಾರೋ ಜೀನು ಬಿಚ್ಚಿದರು. ಮುಂಗಾಲಿನ ಹಿಂದೆ, ಪಟ್ಟಿ ಬಿಗಿಯುವ ಜಾಗದಲ್ಲಿ, ಐದು ರೂಪಾಯಿ ನಾಣ್ಯದಷ್ಟು ಅಗಲದ ಹಸಿ ಗಾಯ. ಮೂರು ವಾರದಿಂದ ಕುದುರೆ ಹೇಳುತ್ತಲೇ ಇತ್ತು. ನಾನು ಬೇಲಿಯ ಪಕ್ಕ ನಿಂತು ನೋಡುತ್ತಲೇ ಇದ್ದೆ.

ಬ್ರಿಟನ್ನಿನ ಪಶುವೈದ್ಯೆ ಸ್ಯೂ ಡೈಸನ್ ಮತ್ತು ಅವರ ತಂಡ ಇದಕ್ಕೊಂದು ಪಟ್ಟಿಯನ್ನೇ ಮಾಡಿ 2018ರಲ್ಲಿ ಪ್ರಕಟಿಸಿತು. ಸವಾರಿ ಮಾಡುವಾಗ ಕಾಣುವ 24 ನಡವಳಿಕೆಗಳು ಅದರಲ್ಲಿವೆ. ಕಿವಿ ಹಿಂದಕ್ಕೆ ಒತ್ತಿಕೊಂಡೇ ಇರುವುದು, ಬಾಯಿ ಮತ್ತೆ ಮತ್ತೆ ತೆರೆಯುವುದು, ನೋಟ ಒಂದೇ ಕಡೆ ನೆಟ್ಟಿರುವುದು, ತಲೆ ಓರೆಯಾಗುವುದು, ಬಾಲ ಬೀಸುವುದು, ಎಡವುವುದು ಹೀಗೆ. ಇವುಗಳಲ್ಲಿ ಎಂಟು ಅಥವಾ ಜಾಸ್ತಿ ಕಂಡರೆ ಮೂಳೆ, ಕೀಲು ಅಥವಾ ಮಾಂಸಖಂಡದಲ್ಲಿ ನೋವಿರುವ ಸಾಧ್ಯತೆ ಹೆಚ್ಚು. ಒಂದೆರಡು ಕಂಡ ತಕ್ಷಣ ಗಾಬರಿ ಬೇಡ. ಆದರೆ ಒದಿ ಅನ್ನುವ ಮೊದಲು ಜೀನು ಬಿಚ್ಚಿ, ಬೆನ್ನು ಮುಟ್ಟಿ, ಬಾಯಿ ನೋಡಿ, ಗೊರಸು ಎತ್ತಿ ಪರೀಕ್ಷಿಸುವುದು ಪಾಠದ ಭಾಗ ಆಗಬೇಕು. ಗಾಯ ಇರುವ, ಕುಂಟುವ ಪ್ರಾಣಿಯಿಂದ ಕೆಲಸ ಮಾಡಿಸುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ ಕೂಡ.

ಪಾಠ ಒಂದು ಗಂಟೆ, ಲಾಯ ಇಡೀ ದಿನ

ಕುದುರೆಯ ಹೊಟ್ಟೆ ಅದರ ಮೈಗೆ ಹೋಲಿಸಿದರೆ ಚಿಕ್ಕದು. ಅಲ್ಲಿ ಆಮ್ಲ ಇಡೀ ದಿನ ಸುರಿಯುತ್ತಲೇ ಇರುತ್ತದೆ, ತಿಂದರೂ ತಿನ್ನದಿದ್ದರೂ. ಬಯಲಿನಲ್ಲಿ ಬಿಟ್ಟರೆ ದಿನಕ್ಕೆ ಹದಿನಾರು ಗಂಟೆಯವರೆಗೂ ಮೇಯುವ ಪ್ರಾಣಿ ಅದು. ಹುಲ್ಲು ಅಗಿಯುವಾಗ ಬರುವ ಜೊಲ್ಲೇ ಆಮ್ಲಕ್ಕೆ ಮದ್ದು. ಬೆಳಿಗ್ಗೆ ಒಂದು ಬಕೆಟ್ ಧಾನ್ಯ, ಸಂಜೆ ಒಂದು ಬಕೆಟ್ ಧಾನ್ಯ ಕೊಟ್ಟು ನಡುವೆ ಬಾಯಿ ಖಾಲಿ ಇಟ್ಟರೆ ಹೊಟ್ಟೆ ಹುಣ್ಣು ಗ್ಯಾರಂಟಿ ಅಂದರೂ ತಪ್ಪಿಲ್ಲ. ನಮ್ಮ ಹಳ್ಳಿಗಳಲ್ಲಿ ಕುದುರೆಗೆ ಹುರುಳಿ ಬೇಯಿಸಿ ಕೊಡುವುದು ಹಳೆಯ ಪದ್ಧತಿ. ಹುರುಳಿ ಒಳ್ಳೆಯದೇ, ಆದರೆ ಅದು ಹುಲ್ಲಿನ ಜಾಗ ತುಂಬುವುದಿಲ್ಲ. 400 ಕೆಜಿ ಕುದುರೆಗೆ ದಿನಕ್ಕೆ ಆರರಿಂದ ಎಂಟು ಕೆಜಿ ಒಣಹುಲ್ಲು ಬೇಕು. ಕುದುರೆಗೆ ವಾಂತಿ ಮಾಡಲು ಆಗುವುದಿಲ್ಲ ಅನ್ನುವುದನ್ನೂ ನೆನಪಿಡಿ. ತಿಂದದ್ದು ಕೆಟ್ಟರೆ ಹೊಟ್ಟೆನೋವು ಜೀವಕ್ಕೇ ಬರಬಹುದು.

ಬೆಂಗಳೂರಿನ ಸವಾರಿ ಶಾಲೆಗಳಲ್ಲಿ ರೇಸ್ ಬಿಟ್ಟು ಬಂದ ಕುದುರೆಗಳು ಬಹಳ. ಎರಡನೇ ವಯಸ್ಸಿಗೇ ಓಡಲು ಶುರು ಮಾಡಿ, ಐದಾರು ವರ್ಷಕ್ಕೆ ನಿವೃತ್ತಿಯಾದವು. ಕುದುರೆ ಇಪ್ಪತ್ತೈದು ವರ್ಷ ಬದುಕುವ ಪ್ರಾಣಿ, ಅಂದರೆ ಮುಕ್ಕಾಲು ಆಯಸ್ಸು ಇನ್ನೂ ಬಾಕಿ. ಅವುಗಳಿಗೆ ಗೊತ್ತಿರುವುದು ನಾಗಾಲೋಟ ಒಂದೇ. ಲಗಾಮು ಬಿಗಿಯಾದರೆ ಅದಕ್ಕೆ ಒರಗಿಕೊಂಡು ಇನ್ನೂ ಜೋರಾಗಿ ಓಡುವ ಅಭ್ಯಾಸವೂ ಹಲವಕ್ಕೆ ಇರುತ್ತದೆ. ಇವನ್ನು ಮಕ್ಕಳ ಪಾಠಕ್ಕೆ ತರುವ ಮುಂಚೆ ತಿಂಗಳುಗಟ್ಟಲೆ ಬಿಡುವು, ಹೊಸ ಪಾಠ ಎರಡೂ ಬೇಕು. ಟ್ರಕ್ಕಿನಿಂದ ಇಳಿದ ವಾರವೇ ಕ್ಲಾಸಿಗೆ ಹಾಕಿದರೆ ಅಪಾಯ ಇಬ್ಬರಿಗೂ.

ಕುದುರೆ ಗುಂಪಿನ ಪ್ರಾಣಿ. ಒಂಟಿಯಾಗಿ ಲಾಯದಲ್ಲೇ ಕಟ್ಟಿಹಾಕಿದರೆ ಮರ ಕಚ್ಚಿ ಗಾಳಿ ನುಂಗುವುದು, ನಿಂತಲ್ಲೇ ಎಡಕ್ಕೆ ಬಲಕ್ಕೆ ತೂಗಾಡುವುದು ಶುರುವಾಗುತ್ತದೆ. ಅದನ್ನು ಚಟ ಅನ್ನುತ್ತಾರೆ. ಜೈಲಿನಲ್ಲಿ ಅತ್ತಿತ್ತ ಶತಪಥ ಹಾಕುವುದು ಚಟವೇ?

ಸೇರಿಸುವ ಮುನ್ನ ಒಂದು ಸಂಜೆ

ಫೀಸು ಕಟ್ಟುವ ಮುಂಚೆ ಒಂದು ಸಂಜೆ ಸುಮ್ನೆ ಹೋಗಿ ಬನ್ನಿ. ಮೊದಲು ಲಾಯಕ್ಕೆ ಹೋಗಿ, ಆಫೀಸಿಗಲ್ಲ. ಮುಂದೆ ಹುಲ್ಲು, ನೀರು ಇದೆಯಾ? ಕಾಲ ಕೆಳಗೆ ಒಣಗಿದೆಯಾ? ಮಳೆಗಾಲದಲ್ಲಿ ಹಸಿ ಗಂಜಲದಲ್ಲಿ ನಿಂತ ಗೊರಸು ಕೊಳೆಯುತ್ತದೆ, ವಾಸನೆಯಲ್ಲೇ ಗೊತ್ತಾಗುತ್ತದೆ. ಸೈಸ್‌ಗಳ, ಅಂದರೆ ಕುದುರೆಗಳನ್ನು ನೋಡಿಕೊಳ್ಳುವವರ ಹತ್ತಿರ ಮಾತಾಡಿ. ಲಾಳ ಕಟ್ಟುವವರು ಎಷ್ಟು ದಿನಕ್ಕೊಮ್ಮೆ ಬರುತ್ತಾರೆ ಕೇಳಿ. ನಾಲ್ಕರಿಂದ ಆರು ವಾರಕ್ಕೊಮ್ಮೆ ಅಂದರೆ ಸರಿ. ಹಲ್ಲನ್ನು ವೈದ್ಯರು ಯಾವಾಗ ನೋಡಿದ್ದರು ಕೇಳಿ. ಕುದುರೆಯ ಹಲ್ಲು ಸವೆಯುತ್ತಾ ಬೆಳೆಯುತ್ತಾ ಇರುತ್ತದೆ, ವರ್ಷಕ್ಕೊಮ್ಮೆಯಾದರೂ ಅರದಿಂದ ತೀಡಿ ಚೂಪು ತೆಗೆಯಬೇಕು. ಒಂದು ಕುದುರೆ ದಿನಕ್ಕೆ ಎಷ್ಟು ಪಾಠ ಮಾಡುತ್ತದೆ, ವಾರಕ್ಕೆ ಎಷ್ಟು ರಜೆ ಅನ್ನುವುದಕ್ಕೆ ಥಟ್ಟನೆ ಉತ್ತರ ಬರಬೇಕು. ಮಕ್ಕಳೆಲ್ಲರ ತಲೆಯ ಮೇಲೆ ಹೆಲ್ಮೆಟ್ ಇದೆಯಾ ಅಂತ ಬೇರೆ ಹೇಳಬೇಕಿಲ್ಲ.

ಆಮೇಲೆ ಒಂದು ಪಾಠ ಪೂರ್ತಿ ನೋಡಿ. ಕಲಿಸುವವರ ಬಾಯಲ್ಲಿ 'ಬಿಡು', 'ಸಡಿಲಿಸು' ಅನ್ನುವ ಮಾತು ಎಷ್ಟು ಸಲ ಬರುತ್ತದೆ, 'ಒದಿ', 'ಎಳಿ' ಎಷ್ಟು ಸಲ ಬರುತ್ತದೆ, ಎಣಿಸಿ. ನಾನು ಎರಡನೇ ಸಲ ಶಾಲೆ ಹುಡುಕಿದ್ದು ಹೀಗೇ.

ಅಲ್ಲಿ ಅಕ್ಕನ ಮಗಳಿಗೆ ಮೊದಲ ದಿನ ಹತ್ತಲು ಬಿಡಲಿಲ್ಲ. ಬ್ರಷ್ ಕೊಟ್ಟು ಮೈ ಉಜ್ಜಿಸಿದರು, ಗೊರಸಿನ ಮಣ್ಣು ತೆಗೆಸಿದರು. ಮುಂದೆ ಸವಾರಿ ಶುರುವಾದ ಮೇಲೂ ಒಂದು ನಿಯಮ ತಪ್ಪಲಿಲ್ಲ. ಇಳಿದ ಕೂಡಲೇ ಹೊಟ್ಟೆಪಟ್ಟಿ ಸಡಿಲಿಸಬೇಕು. ಆಮೇಲೆ ಹತ್ತು ನಿಮಿಷ ಕುದುರೆಯ ಪಕ್ಕ ತಾನೂ ನಡೆಯಬೇಕು. ಎರಡು ಮುಂಗಾಲುಗಳ ನಡುವೆ, ಎದೆಗೆ ಅಂಗೈ ಇಟ್ಟು ನೋಡಬೇಕು. ಅಲ್ಲಿ ಇನ್ನೂ ಬಿಸಿ ಇದ್ದರೆ ಇನ್ನೊಂದು ಸುತ್ತು. ಹೊರಗೆ ಕಾರಿನಲ್ಲಿ ಅಕ್ಕ ಹಾರ್ನ್ ಹೊಡೆಯುತ್ತಿದ್ದರೂ ಅವಳು ಕೈ ಇಟ್ಟು, ತಲೆ ಅಲ್ಲಾಡಿಸಿ, ಮತ್ತೊಂದು ಸುತ್ತು ಹೊರಡುತ್ತಿದ್ದಳು.